ಹದಿನೇಳನೆಯ ಹಾಳೆ

ಕಾಲೇಜು ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೈ ದಾಟದ ಹಾಳೆಯಿಲ್ಲ:
ಆಧಾರ್ ಕಾರ್ಡು, ಪಹಣಿ,
ಮೆಡಿಕಲ್ ಹುಡುಗರ ಮೂತ್ರಪಿಂಡದ ನೋಟ್ಸು,
ಮದುವೆ ಮುರಿದವರ ಅಫಿಡವಿಟ್ಟು.
ಎಲ್ಲವೂ ಬಿಸಿಬಿಸಿ, ಎಲ್ಲವೂ ಎರಡೇ ರೂಪಾಯಿ.

ಆ ಬುಧವಾರ ವಿಶಾಲಾಕ್ಷಿ ಟೀಚರ್ ತಂದ ಫೈಲಿನಿಂದ
ಬಂದದ್ದು ಬರೀ ಗೆರೆ.
ತುಂಡು ಬಿಲ್ಲು, ಅರ್ಧ ಚಂದ್ರ,
ಎಲ್ಲಿಂದಲೋ ಬಂದು ಅಂಚಿನಾಚೆ ಹೋಗುವ ಚುಕ್ಕೆಸಾಲು.
"ಇದೇನ್ರೀ ಮೇಡಂ, ಸೈಟಿನ ನಕ್ಷೆನಾ?"
"ಅಂಗಿ ಕಣೇ" ಅಂದರು. "ಜೋಡಿಸಿದ್ರೆ ಅಂಗಿ."

ಮೊದಲ ಹಾಳೆಯ ಮೂಲೆಯಲ್ಲೊಂದು ಪುಟ್ಟ ಚೌಕ:
"ಸ್ಕೇಲಿಟ್ಟು ನೋಡಿ. ಎರಡಂಗುಲ ಇರದಿದ್ದರೆ ಮುಂದೆ ಹೋಗಬೇಡಿ."
ನೋಡಿದೆ. ಇತ್ತು.
ಆದರೆ ಹದಿನೇಳನೆಯದನ್ನು ಮೆಷಿನ್ನು ಅಗಿದು ಉಗುಳಿತು,
ಮಿಕ್ಕವಕ್ಕೆಲ್ಲ ಉದ್ದಕ್ಕೂ ಮಸಿಯ ಗೀರು.
ಟೋನರ್ ಬದಲಿಸಿ ಹೊಸ ಸೆಟ್ಟು ಕೊಟ್ಟೆ,
ಅವರೆದುರೇ ಫೈಲು ಅಳಿಸಿದೆ, ಅದು ಅಂಗಡಿಯ ರಿವಾಜು.
ಕೆಟ್ಟ ಇಪ್ಪತ್ತೊಂಬತ್ತು ಹಾಳೆ ಮಾತ್ರ
ರದ್ದಿಗೆ ಹಾಕಲು ಕೈ ಬರಲಿಲ್ಲ.

ರಾತ್ರಿ ನಿಟುವಳ್ಳಿಯ ಮನೆಯಲ್ಲಿ
ಊಟ ಮುಗಿಸಿ, ನೆಲ ಒರೆಸಿ, ಒಣಗಲು ಬಿಟ್ಟು,
ಟೇಪು ಹಿಡಿದು ಕೂತೆ. ಸಾಲಿಗೆ ಐದು, ಆರು ಸಾಲು.
ಒಂದರೊಳಗೊಂದು ಏಳು ಅಳತೆ,
ದುರ್ಗದ ಕೋಟೆಯ ಸುತ್ತುಗಳ ಹಾಗೆ:
ಹೊರಗಿನದು ಮೈ ತುಂಬಿದವರಿಗೆ, ಒಳಗಿನದು ಕಡ್ಡಿಯಂಥವರಿಗೆ.
ನಾನು ನಾಲ್ಕನೆಯ ಸುತ್ತಿನಲ್ಲಿ ಹೊಕ್ಕು
ಸೊಂಟದ ಹತ್ತಿರ ಗೋಡೆ ಹಾರಿ
ಮೂರನೆಯದಕ್ಕೆ ಬಂದೆ.

ಬರೆದವಳೂ ದುರ್ಗದವಳೇ. ಸಬೀಹಾ ಅಂತೆ.
ಅಂಚಿನಲ್ಲಿ ನಿಂತು ಮಾತಾಡುತ್ತಾಳೆ:
"ತೋಳು ಬಿಗಿಯೇ? ಇಲ್ಲಿ ಸೀಳಿ, ಬೆರಳಗಲ ಬಿಡಿಸಿ.
ನನ್ನ ತೋಳೂ ಹಾಗೇ."
"ಜೇಬು ತಪ್ಪಿಸಬೇಡಿ. ಕೈ ಪೂರ್ತಿ ಮುಳುಗಬೇಕು."

ಕೈ ಪೂರ್ತಿ ಮುಳುಗುವ ಜೇಬು!
ಇಷ್ಟು ವರ್ಷ ಕರ್ಚೀಫಿನ ಗಂಟಿನಲ್ಲಿ ಬಸ್ ಚಾರ್ಜು,
ಅಂಗಡಿಯ ಬೀಗದ ಕೈ ರವಿಕೆಯೊಳಗೆ.

ಪಕ್ಕದ ಟೈಲರ್ ದಾದಾಪೀರ್ ಕಾಗದ ಮುಟ್ಟಿದವರಲ್ಲ.
ಸೀಮೆಸುಣ್ಣ ಹಿಡಿದರೆ ಬಟ್ಟೆಯ ಮೇಲೆ ನೇರ ರವಿಕೆ.
ಹೇಗೆ ಅಂತ ಕೇಳಿದರೆ,
"ನಮ್ಮ ಅಬ್ಬಾನ ಕೈಯಾಗಿತ್ತು, ನನ್ನ ಕೈಗೆ ಬಂತು.
ಹೇಳಾಕ ಬರಲ್ಲ ಕಣವ್ವ."
ಇವಳು ಹೇಳಿಬಿಟ್ಟಿದ್ದಾಳೆ.
ಎಲ್ಲಿ ಮಡಿಸಬೇಕು, ಎಲ್ಲಿ ತಪ್ಪುತ್ತೀರಿ,
ತಪ್ಪಿದ್ದನ್ನು ಎಲ್ಲಿಂದ ಬಿಚ್ಚಬೇಕು.

ಹದಿನೇಳರ ಜಾಗ ಮಾತ್ರ ಒಂದು ಕಿಟಕಿ,
ಅದರಲ್ಲಿ ನಮ್ಮ ಮನೆಯ ಕೆಂಪು ಗಾರೆ ನೆಲ.
ಸರಿಯಾಗಿ ಬಗಲು ತಿರುಗುವ ಕಡೆ.
ಹದಿನಾರು ಈಚೆ ದಡದಲ್ಲಿ ಗೆರೆ ಹಿಡಿದು ನಿಂತಿದೆ,
ಹದಿನೆಂಟು ಆಚೆ.

ಹೋದ ವರ್ಷದ ಕ್ಯಾಲೆಂಡರಿನ ಬೆನ್ನು, ಮೊಂಡು ಪೆನ್ಸಿಲ್ಲು.
ಮೇಲಿನ ಶೆಲ್ಫಿನಿಂದ ರಿಮ್ಮು ಇಳಿಸುವಾಗ
ನನ್ನ ಕುಪ್ಪಸ ಎಲ್ಲಿ ಹಿಡಿಯುತ್ತದೆ?
ದಿನಕ್ಕೆ ನಲವತ್ತು ಸಲ ಎತ್ತುವ ತೋಳು,
ಅದನ್ನೇ ಕೇಳಿದೆ, ಅದು ಹೇಳಿದಂತೆ ಬರೆದೆ.
ಮೂರು ಸಲ ಒರೆಸಿದೆ.
ನಾಲ್ಕನೆಯ ಗೆರೆ ಯಾರನ್ನೂ ಕೇಳದೆ ಹೋಗಿ
ಹದಿನೆಂಟನ್ನು ಮುಟ್ಟಿತು.

ಚೌಕಿಪೇಟೆಯ ನೀಲಿ ಕಾಟನ್ನು, ಎರಡೂವರೆ ಮೀಟರು,
ಅವ್ವನ ತುಳಿಯುವ ಮೆಷಿನ್ನು.
ಒಂದು ತೋಳು ಹಿಂದುಮುಂದಾಗಿ ಕೂತಿತು,
ಬಿಚ್ಚಿದೆ, ಅವಳು ಹೇಳಿದ ಜಾಗದಿಂದಲೇ.

ಒಂದನೇ ತಾರೀಕು, ಕೊನೆಯ ಹಾಳೆಯಲ್ಲಿದ್ದ ನಂಬರಿಗೆ
ಅಲ್ಲೇ ಬರೆದಿದ್ದ ಬೆಲೆ, ನೂರೈವತ್ತು, ಕಳಿಸಿದೆ.
"ಕೆಟ್ಟ ಹಾಳೆಗಳ ಬಾಬ್ತು. ಕೊಟ್ರಮ್ಮ, ದಾವಣಗೆರೆ."
ಏನು ಎತ್ತ ಅಂತ ಕೇಳಿದಳು, ಹೇಳಿದೆ.
ಹದಿನೇಳನ್ನು ಮತ್ತೆ ಕಳಿಸಲಾ ಅಂದಳು.
ಬೇಡ ಅಂದೆ.
ಸ್ವಲ್ಪ ಹೊತ್ತು ಏನೂ ಬರಲಿಲ್ಲ.
ಆಮೇಲೆ:
"ನಿಮ್ಮ ಹದಿನೇಳು ನಾನು ನೋಡಬಹುದಾ?"

ಯಾರೋ ಪಹಣಿ ಹಿಡಿದು ಎದುರಿಗೆ ನಿಂತಿದ್ದರು.
"ಒಂದು ನಿಮಿಷ" ಅಂದೆ.
ನನ್ನ ಎಡಗೈ ಜೇಬಿನಲ್ಲಿತ್ತು,
ಮಣಿಕಟ್ಟಿನವರೆಗೆ.