ನೀಲಿ ಗೆರೆ

ಮಂಡಿಯ ಕೆಳಗೆ ಒಂದು ಕೆಂಪು ಗುಳ್ಳೆ.
‘ಜೇಡ ಕಚ್ಚಿರಬೇಕು’ ಎಂದ ಹಾಕಿ ಕೋಚ್.
‘ಜಿಗಣೆ ಕಚ್ಚಿದ್ದನ್ನ ಕೆರೆದಿರ್ತಾನೆ’ ಎಂದಳು ಅವನವ್ವ.
ಪೂಣಚ್ಚನಿಗೆ ಒಂಬತ್ತು. ಶಿನ್‌ಗಾರ್ಡ್ ಬಿಚ್ಚುವಾಗ
ತುಟಿ ಕಚ್ಚಿದ, ಅಳಲಿಲ್ಲ.
ಜೇಡವನ್ನು ಯಾರೂ ಕಂಡಿರಲಿಲ್ಲ.

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು
ಹದಿನೆಂಟು ವರ್ಷದಿಂದ ನನ್ನ ಮೆಡಿಕಲ್ ಶಾಪು.
ಕೌಂಟರಿನ ಕತ್ತರಿ ಎಷ್ಟು ಪಟ್ಟಿ ಕತ್ತರಿಸಿದೆಯೋ:
ಲೈನ್‌ಮನೆಯವರಿಗೆ ಮೂರು, ಜೀಪು ಡ್ರೈವರನಿಗೆ ಎರಡು.
‘ಪೂರ್ತಿ ಬೇಡ, ಜ್ವರ ಬಿಟ್ಟರೆ ಸಾಕು.’
ಸಾಕು ಎಂದಷ್ಟೇ ಕೊಟ್ಟೆ.
ಮಗನಿಗೂ ಅದನ್ನೇ ಕೊಟ್ಟೆ,
ಬೆಳಿಗ್ಗೆ ಒಂದು, ರಾತ್ರಿ ಒಂದು.

ಮೂರನೆಯ ದಿನ ನೆಲ್ಲಿಕಾಯಿಯಷ್ಟು.
ಮುಟ್ಟಿದರೆ ಕಾದ ಕಾವಲಿ. ತುದಿಯಲ್ಲಿ ಹಳದಿ ಕಣ್ಣು.
ಅವನವ್ವ ಕಾಚಂಪುಳಿ ತಂದಳು, ನಾನು ಬೇಡವೆಂದೆ.
ನಾನು ಹಿಂಡಲು ಹೋದೆ, ಅವಳು ಕೈ ಹಿಡಿದಳು.

ಆಸ್ಪತ್ರೆಯಲ್ಲಿ ಸಿಸ್ಟರ್ ಏಲಿಕುಟ್ಟಿ
ಜೇಬಿನ ಬಾಲ್‌ಪೆನ್ನು ತೆಗೆದು
ಕೆಂಪಿನ ಅಂಚಿಗೆ ಒಂದು ನೀಲಿ ಗೆರೆ ಸುತ್ತಿದರು.
ಪಕ್ಕದಲ್ಲಿ ಹೊತ್ತು ಬರೆದರು: ನಾಲ್ಕೂ ಹತ್ತು.
‘ಗೆರೆ ದಾಟಿದರೆ ಕರೀರಿ.’

ಕಿಟಕಿಯಾಚೆ ತೋಟ ಹೂ ಬಿಟ್ಟಿತ್ತು,
ಡೆಟಾಲಿನ ನಡುವೆ ಕಾಫಿ ಹೂವಿನ ಘಮ.
ಏಳರ ಹೊತ್ತಿಗೆ ಕೆಂಪು ಗೆರೆ ಮೆಟ್ಟಿ
ಎರಡು ಬೆರಳು ಆಚೆಗಿತ್ತು.
‘ಅಪ್ಪ, ಇದು ಗೋಲಾ?’
ಜ್ವರದಲ್ಲೇ ನಕ್ಕ.

ಕುಯ್ದು ತೆಗೆದ ಕೀವು ಮಡಿಕೇರಿಗೆ ಹೋಯಿತು.
ಎರಡು ದಿನದ ಮೇಲೆ ಲ್ಯಾಬಿನ ಹುಡುಗ
ತಟ್ಟೆಯೊಂದನ್ನು ಬೆಳಕಿಗೆ ಹಿಡಿದ.
ಬಿಳಿ ಬಿಲ್ಲೆಗಳು, ಒಂದೊಂದೂ ಒಂದು ಮದ್ದು.
ಮದ್ದು ನಾಟಿದರೆ ಸುತ್ತ ಬಯಲು ಬೀಳಬೇಕು.
ಎರಡರ ಸುತ್ತ ಬಿದ್ದಿತ್ತು.
ನಾನು ಕತ್ತರಿಸಿ ಕೊಡುವ ಮದ್ದಿನ ಸುತ್ತ
ಬಯಲೂ ಇಲ್ಲ, ಗೆರೆಯೂ ಇಲ್ಲ.
ಬಿಲ್ಲೆಯ ಮೈಗೆ ಒತ್ತಿಕೊಂಡೇ ಬೆಳೆದಿತ್ತು ರೋಗ,
ಹಳೆಯ ಗಿರಾಕಿ ಕೌಂಟರಿಗೆ ಮೊಣಕೈ ಊರಿದ ಹಾಗೆ.

ಮೈದಾನದಲ್ಲಿ ಹದಿನಾಲ್ಕು ಹುಡುಗರು
ಕಾಲುಚೀಲ ಇಳಿಸಿ ಸಾಲಾಗಿ ನಿಂತರು.
ಯಾರೂ ಕಾಣದ ಜೇಡ
ಇನ್ನಿಬ್ಬರನ್ನು ಕಚ್ಚಿತ್ತು,
ಒಂದೇ ಟವೆಲಿನಲ್ಲಿ ಮುಖ ಒರೆಸಿದವರನ್ನು.

ಪೂಣಚ್ಚ ಈಗ ಓಡುತ್ತಾನೆ. ಕಾಲಿನಲ್ಲಿ ಒಂದು ಗುಳಿ,
ನನ್ನ ಹೆಬ್ಬೆರಳು ಕೂರುವಷ್ಟು.
ಕತ್ತರಿ ಅಲ್ಲೇ ಇದೆ.

ನಿನ್ನೆ ಒಬ್ಬಾಕೆ ಬಂದಳು, ಕಂಕುಳಲ್ಲಿ ಕೂಸು.
‘ಅದೇ ಕೆಂಪು ಮಾತ್ರೆ, ಮೂರು ಸಾಕು.
ಏನೋ ಹುಳ ಕಚ್ಚಿದೆ.’

‘ಎಲ್ಲಿ, ತೋರಿಸಿ’ ಎಂದೆ.
ಜೇಬಿನಲ್ಲಿ ಪೆನ್ನು ತಡಕಿದೆ.