ಐದನೇ ಕಾಲಂ

ಸಾಗರದ ತಾಲ್ಲೂಕು ಪಂಚಾಯ್ತಿ ಸಭಾಂಗಣದಲ್ಲಿ
ತರಬೇತಿ ಕೊಡಲು ಬಂದ ಹುಡುಗ
ಗೋಡೆಗೆ ಬೆಳಕು ಬಿಟ್ಟು ತೋರಿಸಿದ:
ಹಿನ್ನೀರಿನಾಚೆಯ ನಿಮ್ಮ ಊರುಗಳ ಸರಾಸರಿ ಆಯಸ್ಸು ಇಷ್ಟು,
ಪೇಟೆಯದು ಇಷ್ಟು.
ಎರಡು ಕಂಬ. ಒಂದು ಗಿಡ್ಡ.
"ನಿಮ್ಮ ಕಡೆಯವರು ಬೇಗ ಮುದುಕರಾಗ್ತಾರೆ" ಅಂದ.
ಯಾರೋ ನಕ್ಕರು. ಚಹಾ ಬಂತು.

ನಾನು ಹಿಂದಿನ ಸಾಲಿನಲ್ಲಿದ್ದೆ,
ಹದಿನಾರು ವರ್ಷದಿಂದ ಕಾರೆಹೊಂಡದ
ಜನನ ಮರಣದ ಪುಸ್ತಕ ಬರೆಯುವವಳು.
ಐದನೇ ಕಾಲಂ ವಯಸ್ಸು.
ಮುದುಕರು ಅಲ್ಲಿಗೆ ಬೇಗ ಬರುವುದಿಲ್ಲ ಮಾರಾಯ,
ಬಂದರೆ ಕೋಲೂರಿಕೊಂಡು, ದಾರಿಯಲ್ಲಿ ಕೂತು ಕವಳ ಹಾಕಿಕೊಂಡು,
ಸಾವಕಾಶ ಬರುತ್ತಾರೆ,
ಹಸಲರ ಕೇರಿಯ ದ್ಯಾವಜ್ಜಿ ಬಂದ ಹಾಗೆ.
ಎಷ್ಟಾಗಿತ್ತು? ಮಗನಿಗೆ ಗೊತ್ತಿಲ್ಲ.
"ಡ್ಯಾಮಿನ ನೀರು ಗದ್ದೆಗೆ ಹತ್ತಿದ ವರ್ಷ
ಅವ್ವ ಐದನೆಯದಕ್ಕೆ ಬಾಣಂತಿ."
ಬೆರಳು ಮಡಚಿ, ಬಿಡಿಸಿ, ತೊಂಬತ್ತು ಅಂತ ಬರೆದೆ.

ಕೆಳಗಿನ ಸಾಲು:
ಹೆಸರು, ಇನ್ನೂ ಇಟ್ಟಿಲ್ಲ.
ತಂದೆ ಟೀಕಪ್ಪ, ತಾಯಿ ಗುಲಾಬಿ.
ವಯಸ್ಸು ಒಂಬತ್ತು.
ಪಕ್ಕದಲ್ಲಿ, ಜಾಗ ಸಾಲದೆ ಸಣ್ಣಕ್ಷರದಲ್ಲಿ: ದಿನ.

ಕೂಡಿಸಿ ಎರಡರಿಂದ ಭಾಗಿಸಿದರೆ ನಲವತ್ತೈದು.
ನಲವತ್ತೈದಕ್ಕೆ ಸತ್ತವರು ಯಾರು?
ಪುಟ ಮಗುಚಿ ಮಗುಚಿ ಹುಡುಕಿದೆ.
ಅಂಥವರೊಬ್ಬರು ನಮ್ಮೂರಲ್ಲಿ ಇರಲೇ ಇಲ್ಲ.

ಒಂಬತ್ತನೇ ದಿನ ಸಂಜೆ ಏಳಕ್ಕೆ
ಕೂಸು ಹಾಲು ಬಿಟ್ಟಿತು. ಉಗುರು ನೀಲಿಯಾಯಿತು.
ಲಾಂಚು ಆರಕ್ಕೇ ಆಚೆ ದಡದಲ್ಲಿ ಮಲಗಿತ್ತು.
ಸುತ್ತು ಹಾಕಿ ಹೋಗಲು ಎಂಬತ್ತು ಕಿಲೋಮೀಟರು,
ಜೀಪಿದ್ದವನು ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗಿದ್ದ.
ಸಿಗ್ನಲ್ಲು ಸಿಗುವ ಗುಡ್ಡ ಹತ್ತಿ ಫೋನಿನಲ್ಲಿ ಕೂಗಿದ್ದಕ್ಕೆ
ಆಂಬುಲೆನ್ಸೇನೋ ಬಂತು. ಆಚೆ ದಡಕ್ಕೆ.
ಟೀಕಪ್ಪ ಕೂಸನ್ನು ಎದೆಗೆ ಕಟ್ಟಿಕೊಂಡು
ನೀರಿನಂಚಿಗೆ ಬಂದು ನಿಂತಾಗ
ಅದರ ದೀಪ ಸುತ್ತುವುದು ಕಾಣುತ್ತಿತ್ತಂತೆ,
ಚೆನ್ನಾಗಿ ಕಾಣುತ್ತಿತ್ತಂತೆ.

ಎಂಟನೇ ಕಾಲಂ ಕಾರಣ.
ಬರೆದಿದ್ದೆ: ಲಾಂಚು ಇರಲಿಲ್ಲ.
ಕೆಂಪು ಶಾಯಿಯಲ್ಲಿ ವಾಪಸು ಬಂತು,
ರೋಗದ ಹೆಸರು ಬರೆಯಿರಿ.
ಬರೆದೆ. ನ್ಯುಮೋನಿಯಾ.
ದರಗು ಗುಡಿಸಲು ಹೋದ ಪುಟ್ಯನಿಗೆ ಮಂಗನ ಕಾಯಿಲೆ, ಮೂವತ್ತೊಂದು;
ಶಿವಮೊಗ್ಗಕ್ಕೆ ಹೋದ ರಕ್ತದ ವರದಿ ಬಂದದ್ದು
ಅವನ ಹನ್ನೊಂದನೇ ದಿನದ ಊಟಕ್ಕೆ ಎಲೆ ಹಾಕುವಾಗ.
ಎಲ್ಲವನ್ನೂ ಲಾಂಚಿನ ಮೇಲೇ ಹೊರಿಸಲಾರೆ.
ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ಕಪ್ಪಾಗುತ್ತದೆಂದು
ಸೂರಿಗೆ ಸಿಕ್ಕಿಸಿಟ್ಟ ಅತ್ತೆಯರನ್ನು ಬಲ್ಲೆ,
ರಕ್ತವಿಲ್ಲದೆ ಬಿಳಿಚಿಕೊಂಡು
ಕೊಡಪಾನ ಹೊರುತ್ತಲೇ ಇದ್ದ ಸೊಸೆಯರನ್ನೂ.

ನನ್ನನ್ನೂ ಬಲ್ಲೆ.
"ಹೆಸರಿಲ್ಲದ್ದನ್ನ ಏನಂತ ಬರೀತೀರಿ ಅಕ್ಕಾ, ಬಿಡಿ"
ಅಂದಾಗೆಲ್ಲ ಬಿಟ್ಟಿದ್ದೇನೆ.
ಅಳು ನೋಡಲಾರದೆ, ಮೂರು ಪ್ರತಿ ಫಾರಂ ತುಂಬಲಾರದೆ,
ಹೊತ್ತಾಯಿತೆಂದು ಪೆನ್ನು ಮುಚ್ಚಿದ್ದೇನೆ.
ಹತ್ತು ಹನ್ನೆರಡು ಇರಬಹುದು. ಹಲಸಿನ ಬುಡಗಳಲ್ಲಿವೆ.
ಆ ಗಿಡ್ಡ ಕಂಬ ಅಷ್ಟಾದರೂ ಎತ್ತರ ನಿಂತದ್ದು
ಅವುಗಳ ಹೆಗಲ ಮೇಲೆ.

ರೇಷನ್ ಕಾರ್ಡಿಗೆಂದು ದ್ಯಾವಜ್ಜಿಯನ್ನು ಕೇಳಿದ್ದೆ, ಮಕ್ಕಳೆಷ್ಟು?
ಎಲೆಗೆ ಸುಣ್ಣ ಹಚ್ಚುತ್ತ ಅಜ್ಜಿ ನನ್ನನ್ನೇ ಕೇಳಿತು:
"ಆದದ್ದಾ, ಉಳಿದದ್ದಾ?"

"ಪ್ರಶ್ನೆಗಳೇನಾದರೂ?" ಅಂದ ಹುಡುಗ, ದೀಪ ಹಾಕಿ.
ಒಂದಿತ್ತು. ಕೈ ಅರ್ಧ ಎತ್ತಿದೆ.
ಗೋಡೆಯ ಗಡಿಯಾರದಲ್ಲಿ ನಾಲ್ಕೂಕಾಲು.
ಬಸ್ಸು ಸಿಕ್ಕರೆ,
ಆರಕ್ಕೆ ಕೊನೆಯ ಲಾಂಚು.