ಗ್ರೀಸಿನ ಗೆರೆ

ದಿನಕ್ಕೆ ಅರವತ್ತು ರಿಂಗಿಟ್, ಮಧ್ಯಾಹ್ನದ ಅನ್ನ.
ಕೆಲಸ: ಇರುವೆ ಎಣಿಸುವುದು.
ಆ ಸಂಜೆ ಉದ್ದಮನೆಯ ಜಗಲಿ ತುಂಬ ನಗು.
"ಇಂದಾಯ್ ಜೆರಿಮಾ, ಎಣಿಸಿದ್ದೇ ಮತ್ತೆ ಬಂದರೆ
ಕೂಲಿ ವಾಪಸು ಕೊಡಬೇಕಾ?"

ಕತಿಬಾಸ್ ಹೊಳೆಯ ಮೇಲುದಂಡೆಗೆ ಆ ಮರ.
ಚಿಗುರಿಗಲ್ಲ, ಹಳೇ ತೊಗಟೆಗೇ ಹೂ ಬಿಡುತ್ತದೆ.
ಹೂವೆಂದರೂ ಏನು, ಅಕ್ಕಿನುಚ್ಚು.
ಬಣ್ಣವಿಲ್ಲ, ಕಂಪಿಲ್ಲ.
ಜೇನು ಬಂದು ಇಣುಕಿ ಹೋಗುತ್ತದೆ,
ಊಟದ ಹೊತ್ತಿಗೆ ಬಂದವರು
ಒಲೆ ತಣ್ಣಗಿರುವುದನ್ನು ಕಂಡು ತಿರುಗುವ ಹಾಗೆ.

ಐದು ಕೊಂಬೆಯ ಸುತ್ತ ಗ್ರೀಸು ಬಳಿದೆವು,
ದೋಣಿಯ ಇಂಜಿನ್ನಿಗೆ ಹಾಕುವುದೇ.
ಐದನ್ನು ಹಾಗೇ ಬಿಟ್ಟೆವು.
ಹತ್ತಕ್ಕೂ ಸೊಳ್ಳೆಪರದೆ:
ರೆಕ್ಕೆಯಿದ್ದವರಿಗೆ ಬಾಗಿಲು ಬಂದ್,
ನಡೆದು ಬರುವವರಿಗೆ ಬುಡದಲ್ಲೊಂದು ಸಂದು.

ಡಾಕ್ಟರ್ ಲಾವ್ ಸಿಬುವಿನ ಹುಡುಗ, ಕನ್ನಡಕಕ್ಕೆ ಸದಾ ಬೆವರು.
ಹೂವಿನ ಲೆಕ್ಕದಲ್ಲಿ ಇರುವೆ ಕಳ್ಳ, ಅಂದ.
ಸಿಹಿ ಕುಡಿಯುತ್ತದೆ, ಮೈ ನೆಕ್ಕಿಕೊಳ್ಳುತ್ತದೆ,
ಹಳದಿ ಹಿಟ್ಟು ಅಂಟಲು ಬಿಡುವುದಿಲ್ಲ.
ಅಂಟಿದರೂ
ಬೂಷ್ಟು ಹಿಡಿಯದಿರಲೆಂದು ಮೈಯಿಂದ ಒಸರುವ ಮದ್ದಿಗೆ
ಹಿಟ್ಟಿನ ಜೀವವೇ ಹೋಗುತ್ತದೆ.
"ಹಾಗಿದ್ದರೆ ಎಣಿಸುವುದೇಕೆ?"
"ಹಾಗಂತ ಪುಸ್ತಕದಲ್ಲಿದೆ. ಈ ಮರಕ್ಕೆ ಓದು ಬರುವುದಿಲ್ಲವಲ್ಲ."
ಇವೆಲ್ಲ ಹೆಣ್ಣುಗಳು, ಅಂತಲೂ ಹೇಳಿದ.
ಗೊತ್ತಿತ್ತು, ಅಂದೆ.
ಹೊತ್ತು ತಿರುಗುವುದು ನೋಡಿದರೆ ತಿಳಿಯುವುದಿಲ್ಲವೇ.

ಒಂದು ಇರುವೆಗೆ ಒಂದು ಗೀಟು.
ಪುಟ ತುಂಬಿದಾಗ ಪುಟವೇ ಹರಿದಾಡಿದಂತಿತ್ತು.
ನನ್ನ ಗಂಡನೂ ಹೀಗೇ ಗೀಟು ಹಾಕುತ್ತಿದ್ದ,
ಮರದ ಕಂಪನಿಯ ಕ್ಯಾಂಪಿನಲ್ಲಿ, ಹದಿನಾಲ್ಕು ವರ್ಷ.
ಬಿದ್ದ ಒಂದೊಂದು ಮರಕ್ಕೆ ಒಂದು.
ಅವನ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ.
ಗೆದ್ದಲು ಕೂಡ ಅವನ್ನು ಮುಟ್ಟಿಲ್ಲ.

ಒಂಬತ್ತನೇ ದಿನ, ಮಳೆ ನಿಂತ ಮೇಲೆ,
ಹೂವಿನೊಳಗಿಂದ ಹಿಂದುಹಿಂದಾಗಿ ಬಂದಳು ಒಬ್ಬಳು.
ನಡುವಿನ ಸಂದಿನಲ್ಲಿ,
ನಾಲಿಗೆ ಎಟುಕದ ಜಾಗದಲ್ಲಿ,
ಎರಡೇ ಎರಡು ಹಳದಿ ಕಣ.
ನಮಗೂ ಬೆನ್ನಿನಲ್ಲಿ ಅಂಥದೊಂದು ಜಾಗವಿದೆ,
ಸ್ನಾನದಲ್ಲಿ ಕೈ ಸೋಲುವ ಜಾಗ.
ಉಸಿರು ಹಿಡಿದೆ.
ಅವಳು ಪಕ್ಕದ ಹೂವಿಗೆ ಇಳಿದಳು, ಎದ್ದಳು.
ಒಂದೇ ಕಣ ಉಳಿದಿತ್ತು.
ಗೀಟು ಹಾಕುವುದನ್ನೇ ಮರೆತೆ.
ಆ ಒಬ್ಬಳು ಇವತ್ತಿಗೂ ಲೆಕ್ಕಕ್ಕಿಲ್ಲ.

ನಾಲ್ಕು ತಿಂಗಳಿಗೆ, ಗ್ರೀಸಿನ ಕೊಂಬೆ ಐದೂ ಬೋಳು.
ಉಳಿದ ಐದರಲ್ಲಿ ಹನ್ನೊಂದು ಕಾಯಿ.
ಹೆಬ್ಬೆರಳಿನ ಗಾತ್ರ, ಒಗರು, ಅಳಿಲಷ್ಟೇ ತಿನ್ನಬೇಕು.
ಲಾವ್ ಎಣಿಸಿದ, ಮತ್ತೆ ಎಣಿಸಿದ,
ಒಂದು ಮರ ಸಾಲದು, ಅಂದ,
ಬರುವ ವರ್ಷ ಇಪ್ಪತ್ತು ಬೇಕು.
ಆದರೂ ಒಂದು ಕಾಯಿ ಕಚ್ಚಿ, ಮುಖ ಕಿವಿಚಿ, ನಕ್ಕ.

ಸೀಮೆಎಣ್ಣೆ ಬಟ್ಟೆಯಲ್ಲಿ ಗ್ರೀಸು ಒರೆಸಿದವಳು ನಾನೇ.
ವಾಸನೆ ಹೋಗಲೆಂದು ಬೂದಿ ತಿಕ್ಕಿ, ನೀರೆರೆದು, ಕೂತೆ.
ಇರುವೆಗಳು ಬಂದವು.
ಗೆರೆ ಇದ್ದಲ್ಲಿಗೆ ಬಂದು ನಿಂತವು.
ಇಲ್ಲದ ಗೋಡೆಗೆ ಮೀಸೆ ತಾಗಿಸಿ ನೋಡಿ
ಹಿಂದಿರುಗಿದವು.
ದೋಣಿಯವನು ಎರಡು ಸಲ ಕೂಗಿದ.
ಅವತ್ತಿನ ಕೂಲಿ ಮುಗಿದು ಆಗಲೇ ಎಷ್ಟೋ ಹೊತ್ತಾಗಿತ್ತು.